ಕಂಬದ ರೇಟು, ಮನೆಯ ಲೆಕ್ಕ

ಹಳೇ ಮನೆಯ ಬೆಲೆ ಗೊತ್ತಿರುವುದು ಇಬ್ಬರಿಗೇ ಅಂತ ನನ್ನ ಗುಮಾನಿ. ಒಬ್ಬ, ಅದನ್ನು ಕೆಡವಿ ಮರ ಮಾರುವವನು. ಇನ್ನೊಬ್ಬ, ಅದರೊಳಗೆ ಒಂದು ಮಳೆಗಾಲವನ್ನೂ ಕಳೆಯದೆ ಹೊರಗೆ ನಿಂತು ‘ಆಹಾ’ ಅನ್ನುವವನು. ನಾನು ಎರಡನೆಯ ಜಾತಿ. ಪಕ್ಕದ ಮನೆ ರಾಯರು ಈಚೆಗೆ ಮೊದಲನೆಯವನ ಗಿರಾಕಿಯಾಗಿದ್ದಾರೆ. ನಮ್ಮಿಬ್ಬರ ನಡುವೆ ಎದೆಮಟ್ಟದ ಕಾಂಪೌಂಡ್ ಗೋಡೆಯೊಂದಿದೆ. ಎರಡನೇ ಕಾಫಿಗೂ ಸ್ನಾನಕ್ಕೂ ನಡುವೆ ಸಿಗುವ ಹೊತ್ತಿನಲ್ಲಿ ಅದರ ಮೇಲೆ ಮೊಳಕೈ ಊರಿ ಲೋಕದ ಸಕಲ ವ್ಯಾಜ್ಯಗಳನ್ನೂ ನಾವು ಇತ್ಯರ್ಥ ಮಾಡುವುದುಂಟು. ಲೋಕ ಅದನ್ನು ಲೆಕ್ಕಕ್ಕೆ ತೆಗೆದುಕೊಂಡದ್ದಿಲ್ಲ, ಅದು ಬೇರೆ ಮಾತು.

ರಾಯರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಮೂವತ್ತು-ನಲವತ್ತರ ಸೈಟಿನ ತಮ್ಮ ಮನೆಯ ಮುಂಭಾಗ ರಿಪೇರಿ ಮಾಡಿಸುವಾಗ ಪೋರ್ಟಿಕೋಗೆ ಅಂತ ಎರಡು ಮರದ ಕಂಬ ತರಿಸಿ ನಿಲ್ಲಿಸಿದ್ದಾರೆ. ಒಂದೇ ದಿಮ್ಮಿಯಲ್ಲಿ ಕಡೆದ ಬರ್ಮಾ ತೇಗದ ಕಂಬಗಳು. ಬಂದದ್ದು ತಮಿಳುನಾಡಿನ ಕಾರೈಕುಡಿಯಿಂದ. ಅವು ಬಂದ ಮೇಲೆ ಕಾರು ಒಳಗೆ ಹೋಗಬೇಕಾದರೆ ಎರಡೂ ಕಡೆಯ ಕನ್ನಡಿ ಮಡಚಬೇಕು. ಇಷ್ಟಾಗಿ ಕಂಬಗಳು ಏನನ್ನೂ ಹೊತ್ತಿಲ್ಲ; ಮೇಲಿರುವುದು ಆರ್‌ಸಿಸಿ ಮೋಲ್ಡು.

“ಹೇಗಿದೆ ಮೇಷ್ಟ್ರೇ ನಮ್ಮ ಹೆರಿಟೇಜು?” ಅಂದರು.

“ಕಂಬ ಚೆನ್ನಾಗಿವೆ ರಾಯರೇ. ಯಾವ ಮನೇದು?”

“ಅಂಗಡೀದು.”

“ಅಂಗಡಿಗೆ ಬರೋಕೆ ಮುಂಚೆ?”

“ಅದನ್ನೆಲ್ಲ ಯಾರು ಕೇಳ್ತಾರೆ? ಸಿ.ಎಫ್.ಟಿ.ಗೆ ಎಷ್ಟು ಅಂತ ಕೇಳ್ದೆ, ಚೌಕಾಸಿ ಮಾಡ್ದೆ, ಲಾರಿಗೆ ಹಾಕಿಸ್ದೆ.”

ಕಾರೈಕುಡಿಯಲ್ಲಿ ಮುನೀಶ್ವರನ್ ಕೋವಿಲ್ ಬೀದಿ ಅಂತ ಒಂದಿದೆ. ಮೊದಲ ಸಲ ಹೋದವರಿಗೆ ಅದು ವಸ್ತುಸಂಗ್ರಹಾಲಯವೋ ಗುಜರಿಯೋ ತಿಳಿಯುವುದಿಲ್ಲ. ಕೆತ್ತನೆಯ ಬಾಗಿಲವಾಡ, ಬೋದಿಗೆ, ಎನಾಮಲ್ ಡಬರಿ, ಬೆಲ್ಜಿಯಂ ಕನ್ನಡಿ, ಹಿತ್ತಾಳೆಯ ಬೀಗ, ಯಾರದೋ ತಾತನ ಫೋಟೋ, ಎಲ್ಲ ಒಂದರ ಮೇಲೊಂದು. ತಾತನ ಫೋಟೋಕ್ಕೂ ರೇಟಿದೆ, ಅದೂ ಚೌಕಟ್ಟಿನ ಮರ ನೋಡಿಕೊಂಡು. ನಾನು ಆ ಬೀದಿಯಲ್ಲಿ ಅಡ್ಡಾಡಿದವನು, ಸುತ್ತಲಿನ ಹಳ್ಳಿಗಳ ಮನೆಗಳನ್ನು ಬಾಯಿ ಬಿಟ್ಟುಕೊಂಡು ನೋಡಿದವನು. ಹಾಗಾಗಿ ರಾಯರಿಗೆ ಒಂದು ಪ್ರಶ್ನೆ ಎಸೆದೆ.

“ರಾಯರೇ, ಅದು ಮಳೆ ಕಾಣದ ಸೀಮೆ. ದೊಡ್ಡ ಹೊಳೆ ಇಲ್ಲ, ಬಂದರು ಇಲ್ಲ, ಗಣಿ ಇಲ್ಲ. ಅಂಥ ಕಡೆ ಹಳ್ಳಿ ಹಳ್ಳಿಗೂ ಅರಮನೆಯಂಥ ಮನೆಗಳು ಸಾವಿರಗಟ್ಟಲೆ ಎದ್ದದ್ದು ಯಾವ ದುಡ್ಡಲ್ಲಿ?”

“ಕೋಳಿ ಮಸಾಲೆ ಮಾರಿ?”

ಕಾರೈಕುಡಿ ಸುತ್ತಲಿನ ಆ ಸೀಮೆಯೇ ಚೆಟ್ಟಿನಾಡು. ನಮ್ಮ ಕಡೆ ಚೆಟ್ಟಿನಾಡು ಅಂದರೆ ಹೋಟೆಲಿನ ಮೆನು. ರಾಯರು ಕೋಳಿ ತಿನ್ನುವವರಲ್ಲ. ಆದರೂ ಅವರಿಗೆ ಹೊಳೆದದ್ದು ಅದೇ.

ಕೋಳಿಯಲ್ಲ, ಸಾಲ. ಶಿವಗಂಗೆ, ಪುದುಕ್ಕೋಟ್ಟೈ ಜಿಲ್ಲೆಗಳ ಎಪ್ಪತ್ತಕ್ಕೂ ಹೆಚ್ಚು ಊರುಗಳಲ್ಲಿ ಹರಡಿರುವ ನಾಟ್ಟುಕೋಟ್ಟೈ ಚೆಟ್ಟಿಯಾರರು, ಅಂದರೆ ನಗರತ್ತಾರರು, ಹತ್ತೊಂಬತ್ತನೆಯ ಶತಮಾನದಲ್ಲಿ ಸಿಲೋನು, ಮಲಯ, ಸಿಂಗಪುರ, ಸೈಗಾನ್‌ವರೆಗೂ ಲೇವಾದೇವಿ ನಡೆಸಿದರು. ದೊಡ್ಡ ಫಸಲು ಸಿಕ್ಕಿದ್ದು ಬರ್ಮಾದಲ್ಲಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಯುರೋಪಿಗೆ ದಾರಿ ಹತ್ತಿರವಾಯಿತು, ಬರ್ಮಾದ ಅಕ್ಕಿಗೆ ಬೇಡಿಕೆ ಏರಿತು. ಐರಾವತಿ ನದಿಯ ಮುಖಜಭೂಮಿಯಲ್ಲಿ ಕಾಡು ಕಡಿದು ಗದ್ದೆ ಮಾಡಲು ರೈತನಿಗೆ ಮುಂಗಡ ಬೇಕು. ಬ್ರಿಟಿಷ್ ಬ್ಯಾಂಕುಗಳು ಗದ್ದೆಯ ಬದುವಿಗೆ ಇಳಿಯುವವಲ್ಲ. ಇಳಿದವರು ಚೆಟ್ಟಿಯಾರರು. ಮೂರು ವರ್ಷದ ಕರಾರಿನ ಮೇಲೆ ಊರಿನ ಹುಡುಗನೊಬ್ಬ ಏಜೆಂಟಾಗಿ ಹೋಗುವುದು, ಲೆಕ್ಕ ಒಪ್ಪಿಸಿ ಬರುವುದು, ಇನ್ನೊಬ್ಬ ಹೋಗುವುದು. ಬರ್ಮಾ ಲೋಕದಲ್ಲೇ ಅತಿ ಹೆಚ್ಚು ಅಕ್ಕಿ ರಫ್ತು ಮಾಡುವ ನಾಡಾದದ್ದರ ಹಿಂದೆ ಈ ಲೆಕ್ಕದ ಪುಸ್ತಕಗಳಿದ್ದವು.

ಬ್ಯಾಂಕಿನ ಸುದ್ದಿ ಬಂದದ್ದೇ ರಾಯರ ಕಿವಿ ನೆಟ್ಟಗಾಯಿತು. “ಇಂಡಿಯನ್ ಓವರ್ಸೀಸ್ ಬ್ಯಾಂಕು ಅವರದೇ ಅಲ್ವೇ? 1937ರಲ್ಲಿ ಕಾರೈಕುಡಿ, ಮದರಾಸು, ರಂಗೂನು, ಮೂರೂ ಕಡೆ ಒಂದೇ ದಿನ ಬಾಗಿಲು ತೆಗೆದಿದ್ದು.”

“ಅದೇ. ಎಂ.ಸಿ.ಟಿ.ಎಂ. ಚಿದಂಬರಂ ಚೆಟ್ಟಿಯಾರರು ಶುರು ಮಾಡಿದ್ದು. ಒಂದು ಹಳ್ಳಿಯಂಥ ಊರು ಮದರಾಸು, ರಂಗೂನುಗಳ ಸರಿಸಮ ನಿಂತ ಕಾಲ ಅದು.”

ಆ ದುಡ್ಡು ಊರಿಗೆ ಬಂದು ಮನೆಯಾಯಿತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಿಂದ 1940ರ ದಶಕದವರೆಗೆ ಕಟ್ಟಿದರು, ಕಟ್ಟಿದರು, ಕಟ್ಟುತ್ತಲೇ ಹೋದರು. ಬರ್ಮಾದಿಂದ ತೇಗ, ಇಟಲಿಯಿಂದ ಅಮೃತಶಿಲೆ, ಬೆಲ್ಜಿಯಂನಿಂದ ಕನ್ನಡಿ, ಬರ್ಮಿಂಗ್‌ಹ್ಯಾಮ್‌ನಿಂದ ಕಬ್ಬಿಣ. ಮನೆ ಒಂದು ಬೀದಿಯಲ್ಲಿ ಶುರುವಾದರೆ ಹಿಂದಿನ ಬೀದಿಯಲ್ಲಿ ಮುಗಿಯುತ್ತದೆ. ಎತ್ತರದ ಜಗಲಿ, ಆಮೇಲೆ ಮುಂದಿನ ಪಡಸಾಲೆ, ಆಮೇಲೆ ಸುತ್ತ ಕಂಬಸಾಲಿರುವ ದೊಡ್ಡ ತೊಟ್ಟಿ, ಆಮೇಲೆ ಊಟದ ಎರಡನೇ ಕಟ್ಟು, ಅಡುಗೆಯ ಮೂರನೇ ಕಟ್ಟು. ಎಲ್ಲ ಬಾಗಿಲೂ ಒಂದೇ ಗೆರೆಯಲ್ಲಿ. ಬೀದಿಯಲ್ಲಿ ನಿಂತವನಿಗೆ ಹಿತ್ತಿಲ ಬಾಗಿಲಿನ ಬೆಳಕು ಕಾಣುತ್ತದೆ. ನಮ್ಮ ತೊಟ್ಟಿಮನೆಯನ್ನೇ ನಾಲ್ಕು ಪಾಲು ಉದ್ದಕ್ಕೆ ಎಳೆದರೆ ಹೀಗಾದೀತು.

ಗೋಡೆಯ ಗಾರೆ ಇನ್ನೊಂದು ಕತೆ. ಸುಣ್ಣ, ಸಣ್ಣಗೆ ಅರೆದ ಚಿಪ್ಪಿನ ಪುಡಿ, ಅಳಲೆಕಾಯಿ ನೆನೆಸಿದ ನೀರು, ಕಡೆಯ ಲೇಪಕ್ಕೆ ಮೊಟ್ಟೆಯ ಬಿಳಿ. ಕೈಯಿಂದ ತಿಕ್ಕಿ ತಿಕ್ಕಿ ಮಿರುಗು ಬರಿಸುತ್ತಾರೆ. ನೂರು ವರ್ಷದ ಗೋಡೆಯ ಮೇಲೆ ಅಂಗೈಯಿಟ್ಟರೆ ನುಣುಪು, ಬೇಸಗೆಯಲ್ಲೂ ತಂಪು. ಇದನ್ನು ಹೇಳುವಾಗ ರಾಯರ ಮನೆಯವರು ಹೂ ಬಿಡಿಸಲು ಬಂದಿದ್ದರು.

“ಮೊಟ್ಟೇನಾ ಮೇಷ್ಟ್ರೇ? ಈ ಕಂಬಕ್ಕೂ ಹಚ್ಚಿದ್ದಾರಾ? ಈಗ ತಾನೇ ಅರಿಸಿನ ಕುಂಕುಮ ಇಟ್ಟೆ!”

“ಇಲ್ಲ ಅತ್ತಿಗೆ, ಮೊಟ್ಟೆ ಗೋಡೆಗೆ. ಕಂಬಕ್ಕೆ ಬರೀ ಎಣ್ಣೆ.”

ಅತ್ತಿಗೆ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ. ಕಂಬದಿಂದ ಒಂದು ಹೆಜ್ಜೆ ದೂರವೇ ನಿಂತರು.

ರಾಯರು ವಿಷಯಕ್ಕೆ ಬಂದರು. “ಸರಿ ಮೇಷ್ಟ್ರೇ. ಅಷ್ಟೊಳ್ಳೆ ಮನೆ, ಅಷ್ಟೊಳ್ಳೆ ಕಂಬ. ಅದನ್ನ ನಾನು ತಂದಿಟ್ಟೆ. ಹೆರಿಟೇಜು ಉಳಿಸಿದ ಹಾಗಾಯ್ತಲ್ಲ?”

“ಒಂದು ಶಾಖೆಯ ಖಾತೆ ಪುಸ್ತಕದಿಂದ ಅಕ್ಷರ ಮುದ್ದಾಗಿದೆ ಅಂತ ಒಂದು ಹಾಳೆ ಕಿತ್ತು ಚೌಕಟ್ಟು ಹಾಕಿಸಿದರೆ, ಖಾತೆ ಉಳಿಸಿದ ಹಾಗಾಗುತ್ತಾ ರಾಯರೇ?”

ಬ್ಯಾಂಕಿನವರಿಗೆ ಬ್ಯಾಂಕಿನ ಭಾಷೆಯಲ್ಲೇ ಹೇಳಬೇಕು. ಹಾಳೆ ಕಿತ್ತ ಮಾತು ಕೇಳಿ ಅವರ ಮುಖದಲ್ಲಿ ಆಡಿಟ್ ದಿನದ ಗಾಂಭೀರ್ಯ ಬಂತು.

ವ್ಯಾಪಾರಿಯ ಮನೆ ರಾಜನ ಅರಮನೆಯಂತಲ್ಲ. ರಾಜ ತಾನು ಯಾರು ಅಂತ ತೋರಿಸಲು ಕಟ್ಟುತ್ತಾನೆ. ವ್ಯಾಪಾರಿಯೂ ತೋರಿಸುತ್ತಾನೆ, ಇಲ್ಲವೆನ್ನುವುದಿಲ್ಲ. ಆದರೆ ಅವನ ಮನೆಯಲ್ಲಿ ಜಮಾ ಖರ್ಚು ಎರಡೂ ಬರೆದಿರುತ್ತದೆ. ಜಗಲಿಯ ಮಗ್ಗುಲಲ್ಲಿ ಲೆಕ್ಕ ಬರೆಯುವವನ ಜಾಗ. ಗಿರಾಕಿ ಎಲ್ಲಿಯವರೆಗೆ ಬರಬಹುದು, ಬಂಧು ಎಲ್ಲಿಯವರೆಗೆ, ಅಳಿಯ ಎಲ್ಲಿಯವರೆಗೆ ಅನ್ನುವುದು ಹೊಸ್ತಿಲು ಹೊಸ್ತಿಲಿಗೂ ಗೊತ್ತು. ಯಾವ ಮಾಲು ಯಾವ ಕಡಲು ದಾಟಿ ಬಂತು ಅನ್ನುವುದನ್ನು ನೆಲ, ಸೂರು, ಕಿಟಕಿಯ ಕಂಬಿ ಹೇಳುತ್ತವೆ. ಕಂಬ ಅಲ್ಲಿ ತೊಟ್ಟಿಯ ಸುತ್ತ ಸಾಲಿನಲ್ಲಿ ನಿಂತಿದ್ದಾಗ, ಅದರ ಹಿಂದಿನ ಕೋಣೆ ಯಾವ ಮಗನದು, ಅವನು ಯಾವ ಊರಿನ ಅಂಗಡಿ ನೋಡುತ್ತಿದ್ದ ಅನ್ನುವುದರ ಜೊತೆ ನಿಂತಿತ್ತು. ಪೋರ್ಟಿಕೋದಲ್ಲಿ ಅದು ಬರೀ ಚೆಂದದ ಮರ.

ವಿಯೆನ್ನಾದ ಕಲಾ ಇತಿಹಾಸಕಾರ ಅಲೋಯಿಸ್ ರೀಗ್ಲ್ 1903ರಲ್ಲೇ ಇದನ್ನು ಬಿಡಿಸಿಟ್ಟಿದ್ದ. ಹಳೆಯದಕ್ಕೆ ಹಳೆಯದು ಅನ್ನುವ ಕಾರಣಕ್ಕೇ ಒಂದು ಬೆಲೆ ಇದೆ. ಅದು ಸವೆದ ಮೆಟ್ಟಿಲು ಕಂಡ ಯಾರಿಗೂ ತಾನಾಗಿ ಗೊತ್ತಾಗುತ್ತದೆ. ಇತಿಹಾಸದ ಬೆಲೆ ಬೇರೆ. ಅದಕ್ಕೆ ತಿಳಿವಳಿಕೆ ಬೇಕು, ಆ ವಸ್ತು ಇದ್ದ ಸಂದರ್ಭ ಬೇಕು. ರಾಯರ ಕಂಬಗಳಿಗೆ ಮೊದಲನೆಯದು ಉಳಿದಿದೆ. ಎರಡನೆಯದು ಲಾರಿ ಹತ್ತಲಿಲ್ಲ.

“ಜಮಾ ಖರ್ಚು ಅಂದ್ರಲ್ಲ, ಖರ್ಚಿನ ಕಡೆ ಏನಿದೆ?”

ಒಳ್ಳೆಯ ಪ್ರಶ್ನೆ. ಗೈಡುಗಳು ಆ ಪುಟ ತಿರುಗಿಸುವುದು ಕಡಿಮೆ. 1930ರ ಹೊತ್ತಿಗೆ ಲೋಕದ ತುಂಬ ಆರ್ಥಿಕ ಕುಸಿತ, ಅಕ್ಕಿಯ ಬೆಲೆ ನೆಲ ಕಚ್ಚಿತು. ಬರ್ಮಾದ ರೈತ ಬಡ್ಡಿಯನ್ನೂ ಕಟ್ಟಲಾರದೆ ಹೋದ. ಅಡಮಾನದ ಗದ್ದೆಗಳು ಚೆಟ್ಟಿಯಾರರ ಕೈಗೆ ಬಂದವು. ಕೆಳ ಬರ್ಮಾದ ಸಾಗುವಳಿ ಭೂಮಿಯಲ್ಲಿ ಅವರ ಪಾಲು 1930ರಲ್ಲಿ ನೂರಕ್ಕೆ ಆರರಷ್ಟಿದ್ದದ್ದು 1937ಕ್ಕೆ ಕಾಲುಭಾಗದಷ್ಟಾಯಿತು.

“ಅಯ್ಯೋ, ಬ್ಯಾಂಕಿಗೆ ಜಮೀನು ಬಂದ್ರೆ ಅದಕ್ಕಿಂತ ತಲೆನೋವು ಇನ್ನೊಂದಿಲ್ಲ!” ಅಂದರು ರಾಯರು, ಸ್ವಂತ ಅನುಭವದ ನಿಟ್ಟುಸಿರಿನೊಂದಿಗೆ.

ಅವರಿಗೂ ಹಾಗೇ ಆಯಿತು. ಬೇಕಾಗಿದ್ದದ್ದು ದುಡ್ಡು, ಸಿಕ್ಕಿದ್ದು ಭೂಮಿ, ಅದರ ಜೊತೆಗೆ ಭೂಮಿ ಕಳೆದುಕೊಂಡವರ ಸಿಟ್ಟು. 1942ರಲ್ಲಿ ಜಪಾನಿನ ಸೈನ್ಯ ಬರ್ಮಾಕ್ಕೆ ನುಗ್ಗಿದಾಗ ಭಾರತೀಯರು ಲಕ್ಷಗಟ್ಟಲೆ ಓಡಿಬಂದರು, ಚೆಟ್ಟಿಯಾರರೂ ಬಂದರು. 1948ರಲ್ಲಿ ಬರ್ಮಾ ಸ್ವತಂತ್ರವಾಯಿತು, ಭೂಮಿ ರಾಷ್ಟ್ರೀಕರಣದ ಕಾನೂನು ಬಂತು. 1963ರಲ್ಲಿ ಬ್ಯಾಂಕುಗಳೂ ಸರ್ಕಾರದ ಪಾಲಾದವು. ಹೀಗಾಗಿ ತೇಗದ ಕಂಬವೊಂದರಲ್ಲಿ ಒಬ್ಬ ಚೆಟ್ಟಿಯಾರರ ಸಾಹಸವೂ ಇದೆ, ಹೆಸರು ಗೊತ್ತಿಲ್ಲದ ಬರ್ಮಾ ರೈತನ ಗದ್ದೆಯೂ ಇದೆ. ಮನೆ ಇದ್ದ ಜಾಗದಲ್ಲಿ ಇದ್ದರೆ ಎರಡನ್ನೂ ಕೇಳಬಹುದು. ಪರಂಪರೆ ಅಂದರೆ ಬರೀ ಜಮಾ ಬದಿಯನ್ನು ಪಾಲಿಷ್ ಹಾಕಿ ತೋರಿಸುವುದು ಅನ್ನುವುದಾದರೆ ನನಗೂ ಅದು ಬೇಡ.

ರಾಯರು ಸುಲಭಕ್ಕೆ ಬಿಡುವವರಲ್ಲ. “ನಾನು ತರದಿದ್ರೆ ಏನಾಗ್ತಿತ್ತು ಹೇಳಿ. ಆ ಮನೆ ಹೇಗೂ ಬಿದ್ದಿತ್ತು. ನಾನಲ್ಲದಿದ್ರೆ ಇನ್ನೊಬ್ಬ ಅದನ್ನ ಕೊಯ್ಸಿ ಮಂಚ ಮಾಡಿಸ್ಕೊಳ್ತಿದ್ದ.”

ಈ ಮಾತಿಗೆ ತೂಕವಿದೆ. ಕಳಚಿದ ಮನೆಯನ್ನು ಗೌರವದಿಂದ ಉಳಿಸಿದವರು ನಮ್ಮಲ್ಲೇ ಇದ್ದಾರೆ. ಮಣಿಪಾಲದ ವಿಜಯನಾಥ ಶೆಣೈ, ನಮ್ಮ ರಾಯರ ಹಾಗೆಯೇ, ಬ್ಯಾಂಕ್ ನೌಕರಿಯಲ್ಲಿದ್ದವರು. ಎಲ್ಲೆಲ್ಲಿ ಹಳೆ ಮನೆ ಕೆಡವುತ್ತಾರೆ ಅಂತ ಸುದ್ದಿ ಬಂದರೂ ಓಡಿ, ತೊಲೆ ಮುಂಡಿಗೆಗಳಿಗೆ ಗುರುತು ಹಾಕಿಸಿ, ಕಳಚಿ ತಂದು, ಹಸ್ತಶಿಲ್ಪದ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ಜೋಡಿಸಿದರು. ಮುಧೋಳದ ದರ್ಬಾರ್ ಹಾಲು ಅಲ್ಲಿದೆ, ಭಟ್ಕಳದ ನವಾಯತ ಮನೆ ಅಲ್ಲಿದೆ. 2017ರಲ್ಲಿ ಅವರು ತೀರಿಕೊಂಡರು; ಮನೆಗಳು ನಿಂತಿವೆ. ಚೆನ್ನೈ ಹತ್ತಿರ ಮುಟ್ಟುಕಾಡಿನಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರ ವಸ್ತುಸಂಗ್ರಹಾಲಯದಲ್ಲೂ ಅಷ್ಟೇ. ಚೆಟ್ಟಿನಾಡಿನ ವರ್ತಕರ ಮನೆಯೊಂದು ಅಲ್ಲಿಗೆ ಬಂದಿದೆ. ಅದೇ ಆವರಣದಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಅದೆಲ್ಲ ಖಾತೆಯನ್ನು ಇಡಿಯಾಗಿ ಇನ್ನೊಂದು ಕಪಾಟಿಗೆ ಸಾಗಿಸಿದ ಕೆಲಸ. ಊರು ತಪ್ಪಿತು, ಪುಟ ತಪ್ಪಲಿಲ್ಲ.

“ಅಂದ್ರೆ ನಾನೂ ಇಡೀ ಮನೇನೇ ತರಬೇಕಿತ್ತು ಅನ್ನಿ,” ಅಂದರು ರಾಯರು ತಮ್ಮ ಸೈಟಿನ ಉದ್ದಗಲ ಕಣ್ಣಲ್ಲೇ ಅಳೆಯುತ್ತ.

“ಬೇಡ. ನೆಲಕ್ಕೆ ಆತ್ತಂಗುಡಿ ಟೈಲ್ಸ್ ಹಾಕಿಸಿದ್ರೆ ಸಾಕಿತ್ತು.”

ಹಾಸ್ಯಕ್ಕೆ ಹೇಳಿದ್ದಲ್ಲ. ಕಾರೈಕುಡಿ ಹತ್ತಿರದ ಆತ್ತಂಗುಡಿಯಲ್ಲಿ ಇವತ್ತಿಗೂ ಕೈಯಲ್ಲೇ ಟೈಲ್ಸ್ ಮಾಡುತ್ತಾರೆ. ಗಾಜಿನ ಹಲಗೆಯ ಮೇಲೆ ಅಚ್ಚಿಟ್ಟು, ಬಣ್ಣದ ಸಿಮೆಂಟನ್ನು ಹೂವಿನ ಮನೆಮನೆಗೂ ಸೌಟಿನಲ್ಲಿ ಹುಯ್ದು, ಮೇಲೆ ಅಲ್ಲಿಯದೇ ಮರಳು ಮತ್ತು ಸಿಮೆಂಟು ಒತ್ತಿ, ನೀರಿನಲ್ಲಿ ನೆನೆಹಾಕಿ, ಒಣಗಿಸಿ ಗಾಜು ಬಿಡಿಸುತ್ತಾರೆ. ಆವಿಗೆ ಇಲ್ಲ, ಬೆಂಕಿ ಇಲ್ಲ. ಗಾಜಿನ ನುಣುಪೇ ಟೈಲ್ಸಿಗೆ ಹತ್ತುತ್ತದೆ; ಓಡಾಡಿ ಒರೆಸಿದಷ್ಟೂ ಮೆರಗು ಹೆಚ್ಚುತ್ತದೆ. ಬೆಂಗಳೂರಿನ ಎಷ್ಟೋ ಹೊಸ ಮನೆಗಳಿಗೆ ಈಗ ಅದೇ ನೆಲ. ಹೊಸ ಟೈಲ್ಸ್ ಕೊಂಡರೆ ಒಂದು ಊರಿನ ಕಸುಬಿಗೆ ಅನ್ನ. ಹಳೇ ಕಂಬ ಕೊಂಡರೆ ಮುಂದಿನ ಮನೆ ಕೆಡವುವವನಿಗೆ ಮುಂಗಡ. ಎರಡರ ಮೇಲೂ ಅಂಗಡಿಯವನು ಅಂಟಿಸುವ ಚೀಟಿ ಮಾತ್ರ ಒಂದೇ, ‘ಚೆಟ್ಟಿನಾಡು ಹೆರಿಟೇಜ್’.

“ಅಲ್ಲಾ, ಅಂಥಾ ಮನೇನ ಮನೆಯವರು ಯಾಕೆ ಮಾರ್ತಾರೆ? ಸರ್ಕಾರ ಏನು ಮಾಡ್ತಿದೆ?” ಇದು ರಾಯರ ಮಾಮೂಲು ಎರಡನೇ ಸುತ್ತು. ಯಾವ ಚರ್ಚೆಯಾದರೂ ಹನ್ನೊಂದು ಗಂಟೆಯ ಹೊತ್ತಿಗೆ ಸರ್ಕಾರದ ಬಾಗಿಲಿಗೆ ಬರಲೇಬೇಕು.

ಸರ್ಕಾರ ಕೈಕಟ್ಟಿ ಕೂತಿಲ್ಲ. ಚೆಟ್ಟಿನಾಡಿನ ಹಳ್ಳಿಗಳ ಗುಂಪು 2014ರಿಂದ ಯುನೆಸ್ಕೋದ ತಾತ್ಕಾಲಿಕ ಪಟ್ಟಿಯಲ್ಲಿದೆ. ಆದರೆ ಪಟ್ಟಿ ಹೆಂಚು ಹೊದಿಸುವುದಿಲ್ಲ. ಕೋಟೆ, ಗುಡಿಗಳಿಗೆ ಕಾವಲುಗಾರನನ್ನಿಟ್ಟು ಬೇಲಿ ಹಾಕಬಹುದು. ಜನರ ಸ್ವಂತ ಮನೆಗೆ ಬೇಲಿ ಹಾಕುವುದು ಹೇಗೆ? ಅದೂ ಒಬ್ಬರ ಸ್ವತ್ತಲ್ಲ. ಮುತ್ತಜ್ಜ ಕಟ್ಟಿದ ಮನೆಗೆ ಇವತ್ತು ಹತ್ತಾರು ವಾರಸುದಾರರು. ಒಬ್ಬರು ಚೆನ್ನೈ, ಒಬ್ಬರು ಸಿಂಗಪುರ, ಒಬ್ಬರು ಅಮೆರಿಕ. ಎಲ್ಲರ ಸಹಿ ಇಲ್ಲದೆ ಮಾರುವ ಹಾಗಿಲ್ಲ. ಎಷ್ಟೋ ಮನೆಗಳು ಇದುವರೆಗೆ ಉಳಿದದ್ದೇ ಅದರಿಂದ. ಎಲ್ಲರ ಕಾಸಿಲ್ಲದೆ ರಿಪೇರಿಯಾಗುವ ಹಾಗೂ ಇಲ್ಲ. ಎಷ್ಟೋ ಮನೆಗಳು ಬೀಳುತ್ತಿರುವುದೂ ಅದರಿಂದಲೇ. ವರ್ಷದಲ್ಲಿ ಒಂದು ಮದುವೆಯೋ ಷಷ್ಟಿಪೂರ್ತಿಯೋ ಬಂದರೆ ಬಾಗಿಲು ತೆರೆಯುತ್ತದೆ, ಎಲೆ ಹಾಕುತ್ತಾರೆ, ದೀಪ ಉರಿಯುತ್ತದೆ. ಮಿಕ್ಕ ದಿನ ಕಾವಲಿನವನೊಬ್ಬ, ಮಾಡಿನ ಸಂದಿಯಲ್ಲಿ ಸೋರುವ ಮಳೆ. ಕೆಲವು ಮನೆಗಳು ಹೋಟೆಲಾಗಿವೆ, ಸಿನಿಮಾ ಚಿತ್ರೀಕರಣಕ್ಕೆ ಬಾಡಿಗೆಗೆ ಹೋಗುತ್ತವೆ. ಮೂಗು ಮುರಿಯುವವರು ಮುರಿಯಲಿ. ವ್ಯಾಪಾರಿಯ ಮನೆ ವ್ಯಾಪಾರ ಮಾಡಿ ತನ್ನ ಹೆಂಚಿನ ಖರ್ಚು ತಾನೇ ದುಡಿದರೆ ಮುತ್ತಜ್ಜ ಬೇಜಾರು ಮಾಡಿಕೊಳ್ಳಲಾರ.

ಇಷ್ಟು ಹೊತ್ತೂ ಹೂ ಬಿಡಿಸುವ ನೆಪದಲ್ಲಿ ಕೇಳುತ್ತಿದ್ದ ಅತ್ತಿಗೆ ಬುಟ್ಟಿಯನ್ನು ಗೋಡೆಯ ಮೇಲಿಟ್ಟರು.

“ಆಗಿನಿಂದ ಕೇಳ್ತಾ ಇದೀನಿ. ಜಗಲಿ ಅಂದ್ರಿ, ಲೆಕ್ಕದವರು ಅಂದ್ರಿ, ಕಂಬ ಅಂದ್ರಿ. ಗಂಡಸರೆಲ್ಲ ಮೂರು ಮೂರು ವರ್ಷ ರಂಗೂನಲ್ಲಿ ಕೂತಿದ್ರೆ ಆ ಮನೆ ನಡೆಸಿದವರು ಯಾರು?”

ಕಂಬ ಕೊಳ್ಳುವವರು, ಕಂಬ ಕೊಳ್ಳುವವರನ್ನು ಬೈಯುವವರು, ಇಬ್ಬರೂ ಕೇಳದ ಪ್ರಶ್ನೆ. ನಡೆಸಿದವರು ಹೆಂಗಸರು. ಎರಡನೇ ಕಟ್ಟು, ಮೂರನೇ ಕಟ್ಟು ಅವರ ರಾಜ್ಯ. ಪಾತ್ರೆಗಳ ಉಗ್ರಾಣ, ಉಪ್ಪಿನಕಾಯಿಯ ಜಾಡಿ, ತೊಟ್ಟಿಗೆ ಬೀಳುವ ಮಳೆನೀರು ಹಿಡಿಯುವುದು, ಮಗಳ ಮದುವೆಗೆ ಕೊಡುವ ಸಾಮಾನಿನ ಪಟ್ಟಿ, ಎಲ್ಲ ಅಲ್ಲಿ. ಕೊಳ್ಳುವವರ ಕಣ್ಣು ಆ ಕಡೆ ಹಾಯುವುದಿಲ್ಲ, ಅಲ್ಲಿ ಕೆತ್ತನೆ ಕಡಿಮೆ. ಆ ಮನೆಗಳ ನಿಜವಾದ ಜಾಣ್ಮೆ ಇರುವುದು ಮಾತ್ರ ಅಲ್ಲೇ. ಮಗನಿಗೆ ಮದುವೆಯಾಯಿತೆಂದರೆ ಅದೇ ಸೂರಿನ ಕೆಳಗೆ ಅವನಿಗೊಂದು ಕೋಣೆ. ಸ್ವಲ್ಪ ಕಾಲಕ್ಕೆ ಸೊಸೆಗೆ ಬೇರೆ ಒಲೆ, ವರ್ಷಕ್ಕೆ ಇಷ್ಟು ಅಂತ ಅಕ್ಕಿ, ಖರ್ಚಿಗೆ ದುಡ್ಡು. ಬಂಡವಾಳ ಒಂದು, ಪೂಜೆ ಒಂದು, ಸೂರು ಒಂದು. ಅಡುಗೆ ಮಾತ್ರ ಅವರವರದು. ಅತ್ತೆ ಹುಳಿ ಕುದಿಸುವಾಗ ಸೊಸೆ ಸಾರು ಕುದಿಸಬಹುದು; ಯಾರೂ ಯಾರ ಉಪ್ಪಿನ ವಿಚಾರಕ್ಕೂ ಹೋಗುವ ಹಾಗಿಲ್ಲ.

ಅತ್ತಿಗೆಗೆ ಮೊಟ್ಟೆ ಮರೆತೇಹೋಯಿತು. “ಎಂಥಾ ಜಾಣರು! ನಮ್ಮ ಮನೆತನಗಳಲ್ಲಿ ಒಲೆ ಒಂದೇ ಇರಬೇಕು ಅಂತ ಹಟ ಹಿಡಿದು ಸೂರೇ ಒಡ್ಕೊಂಡ್ರು.”

“ಅದೂ ಹೆರಿಟೇಜೇ ಏನು ಮೇಷ್ಟ್ರೇ?” ರಾಯರು ನನ್ನ ಕಡೆ ತಿರುಗಿದರು, ಇಲ್ಲ ಅನ್ನಲಿ ಅನ್ನುವ ಆಸೆಯಲ್ಲಿ.

ನಾನು ಬಾಯಿ ತೆರೆಯುವ ಮುಂಚೆ ಉತ್ತರ ಅತ್ತಿಗೆಯಿಂದ ಬಂತು. “ಅದೇ ರೀ ಹೆರಿಟೇಜು! ಕಂಬಕ್ಕೆ ಸುರಿದ ದುಡ್ಡಲ್ಲಿ ಹಿಂದುಗಡೆ ಇನ್ನೊಂದು ಅಡುಗೆಮನೆ ಕಟ್ಟಿಸಿದ್ರೆ, ಮಗ ಸೊಸೆ ಈ ಊರಲ್ಲೇ ಬಾಡಿಗೆ ಮನೆ ಹುಡುಕ್ಕೊಂಡು ಅಲೀತಿರಲಿಲ್ಲ!”